ಹೆಸರು ಕರೆದಾಗ ಏಳುವವರು

ಟ್ರಾಯ್, ಮಿಷಿಗನ್
ಫೆಬ್ರುವರಿ 9, 2025

ಪದ್ಮಕ್ಕನವರಿಗೆ ದೇವೇಂದ್ರನ ನಮಸ್ಕಾರಗಳು.

ಮೊದಲು ಖರ್ಚು ಹೇಳಿಬಿಡುತ್ತೇನೆ, ಆಮೇಲೆ ವಿಷಯ. ಉಣ್ಣೆಯ ನಿಲುವಂಗಿ ಒಂದು, ನೂರಾ ನಲವತ್ತು ಡಾಲರ್. ತುದಿ ಚೂಪಾಗಿರುವ ಚರ್ಮದ ಬೂಟು ಒಂದು ಜೊತೆ. ಅದರ ಬೆಲೆ ಮಾನಸಳಿಗೆ ಹೇಳಿಲ್ಲ, ನಿಮಗೂ ಹೇಳುವುದಿಲ್ಲ. ಬಿಲ್ಲು ಒಂದು, ಬಾಣ ಒಂದು ಡಜನ್, ಅದರಲ್ಲಿ ಕೆಲವು ಈಗಾಗಲೇ ಯಾರದೋ ಜೋಳದ ಹೊಲದ ಪಾಲಾಗಿವೆ. ಕೊನೆಯದಾಗಿ ಒಂದು ಹೆಸರು. ಹೆಸರಿಗೆ ಫೀಸು ಎಂಟೇ ಡಾಲರ್. ಆದರೆ ಅದು ತಿರಸ್ಕೃತವಾಗಿ ವಾಪಸು ಬಂದಿರುವುದರಿಂದ ಮನೆಯ ನೆಮ್ಮದಿಯನ್ನೂ ಖರ್ಚಿಗೆ ಹಾಕಿಕೊಳ್ಳಬೇಕು.

ವಿಷಯ ಏನೆಂದರೆ, ನಿಮ್ಮ ಸೋದರಸೊಸೆ ನಿಹಾರಿಕಾ ಏಳುನೂರು ವರ್ಷ ಹಿಂದಕ್ಕೆ ಹೋಗಿದ್ದಾಳೆ. ಷಿಕಾಗೋದಲ್ಲಿ ಕಾಲೇಜು ಸೇರಿದವಳು ಶನಿವಾರಗಳಂದು ಪ್ಲೇನ್‌ಫೀಲ್ಡಿನ ನಿಮ್ಮ ಮನೆಗೆ ಕೆಸರು ಮೆತ್ತಿಕೊಂಡು ಬರುತ್ತಾಳೆಂದು ಬರೆದಿದ್ದಿರಲ್ಲ, ಕಾರಣ ಇದೇ. ಅಲ್ಲೊಂದು ಕ್ಲಬ್ಬು. ಎಲ್ಲರೂ ಮಧ್ಯಯುಗದವರ ಹಾಗೆ ಬಟ್ಟೆ ಹೊಲಿಸಿಕೊಂಡು, ಬಾಣ ಬಿಟ್ಟು, ಬೆಂಕಿಯಲ್ಲಿ ಅಡುಗೆ ಮಾಡಿ, ಕುಣಿದು, ಭಾನುವಾರ ಮತ್ತೆ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಇವಳು ಆರಿಸಿಕೊಂಡಿರುವುದು ಸ್ಕಾಟ್ಲೆಂಡ್. ನಾನು ಕೇಳಿದೆ, "ಅಲ್ಲ ಪುಟ್ಟಿ, ನಮ್ಮ ಕಡೆ ರಾಣಿಯರು ಇರಲಿಲ್ವಾ?" ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಮ್ಮ ಮಾತಿಗೆ ಇಳಿಸಿದರೆ ಹೀಗೆ: "ಎಲ್ರೂ ನಾನು ಇಂಡಿಯನ್ ಪ್ರಿನ್ಸೆಸ್ ಆಗ್ತೀನಿ ಅಂದ್ಕೊಂಡಿದ್ರು ದೇವ್ ಅಂಕಲ್. ವಾರಕ್ಕೊಂದಿನ ಆದ್ರೂ ನನ್ನನ್ನ ನಾನು ಯಾರಿಗೂ ವಿವರಿಸ್ದೆ ಇರ್ಬೇಕು."

ಬೂಟು ಕೊಡಿಸಿದ್ದು ಆಗಲೇ.

ಈಗ ತೊಡಕು ಹೆಸರಿನದು. ಆ ಕಾಲದಲ್ಲಿ, ಆ ದೇಶದಲ್ಲಿ ಯಾರಿಗೋ ನಿಜವಾಗಿ ಇದ್ದ ಹೆಸರನ್ನೇ ಇಟ್ಟುಕೊಳ್ಳಬೇಕು, ಹಳೆಯ ದಾಖಲೆಯಲ್ಲಿ ತೋರಿಸಬೇಕು. ಪರೀಕ್ಷೆ ಮಾಡುವವಳು ಲಿಂಡಾ ಅಂತ, ಲೈಬ್ರರಿಯಲ್ಲಿದ್ದು ರಿಟೈರ್ ಆದವಳು, ನಮ್ಮ ಟ್ರಾಯ್ ಪಕ್ಕದವಳೇ. ನಿಹಾರಿಕಾ ಫಿಯೋನಾ ಎಂದು ಬರೆದುಕೊಟ್ಟಳು. ಅದು ಮಧ್ಯಯುಗದ ಹೆಸರೇ ಅಲ್ಲವಂತೆ, ಕತೆ ಕಟ್ಟುವವರು ಎಷ್ಟೋ ಕಾಲದ ಮೇಲೆ ಹುಟ್ಟಿಸಿದ್ದಂತೆ. ಚೌಕಳಿ ಪಂಚೆಯೂ ಆಗ ಇರಲಿಲ್ಲವಂತೆ. ಮತ್ತೆ ಸ್ಕಾಟ್ಲೆಂಡಿನಲ್ಲಿ ಉಳಿದಿದ್ದೇನು ಎಂದು ಕೇಳಬೇಡಿ.

ಫೋನು ಮಾಡೋಣವೆಂದರೆ ನಿಮ್ಮ ಕಿವಿಯ ಯಂತ್ರ ಕೂಗುತ್ತದೆ, ನಾನೂ ಕೂಗುತ್ತೇನೆ, ಅದು ಮಾತುಕತೆಯಲ್ಲ. ಪುಡಿಯ ಡಬ್ಬಿ ಜೊತೆ ಕಾಗದ ಇಡುವ ನಮ್ಮ ಹಳೇ ಪದ್ಧತಿಯೇ ಸರಿ. ಈ ಸಲ ಸಾರಿನ ಪುಡಿ, ಚಟ್ನಿಪುಡಿ, ಸ್ವಲ್ಪ ಹುರಿಗಡಲೆ ಇದೆ.

ಇತಿ,
ದೇವೇಂದ್ರ


ಪ್ಲೇನ್‌ಫೀಲ್ಡ್, ಇಲಿನಾಯ್
ಫೆಬ್ರುವರಿ 20, 2025

ಶ್ರೀ ದೇವೇಂದ್ರ ಅವರಿಗೆ,

ಪಾರ್ಸಲ್ ಬಂತು. ವಂದನೆಗಳು.

ನಾನು ಮೂವತ್ತೆರಡು ವರ್ಷ ಆಪರೇಷನ್ ಥಿಯೇಟರಿನಲ್ಲಿ ಜನರಿಗೆ ಅರಿವಳಿಕೆ ಕೊಟ್ಟವಳು. ಎಚ್ಚರವಿರುವವರು ಬೇಕೆಂದೇ ಕನಸಿಗೆ ಹೋಗುವುದು ನನಗೆ ಅರ್ಥವಾಗುವುದಿಲ್ಲ. ಕೆಸರು ಬಾಸ್ಕೆಟ್‌ಬಾಲಿನದು ಎಂದುಕೊಂಡಿದ್ದೆ.

ಕಳೆದ ಶನಿವಾರ ಕೇಳಿದೆ. ಹೊಸ ಹೆಸರು ಸಿಕ್ಕಿದೆ ಎಂದಳು. ಏನೆಂದು ನಿಮಗೆ ಹೇಳಿದ್ದಾಳೋ ಇಲ್ಲವೋ: ಅಫ್ರಿಕಾ! ದಾಖಲೆಯಲ್ಲಿದೆಯಂತೆ, ಅಲ್ಲಿನ ದೊಡ್ಡ ಮನೆತನದ ಹೆಣ್ಣೊಬ್ಬಳಿಗೆ ಇತ್ತಂತೆ. "ಖಂಡದ ಹೆಸರು ಯಾರಾದ್ರೂ ಇಡ್ತಾರೇನೇ?" ಎಂದೆ. "ಅತ್ತೆ, ನಿಮ್ಮ ಫ್ರೆಂಡ್ ಹೆಸರು ಭಾರತಿ ಅಲ್ವಾ?" ಎಂದಳು. ಈ ಬಾಯಿ ಅವಳಿಗೆ ನನ್ನ ತಮ್ಮನಿಂದ ಬಂದಿದ್ದಲ್ಲ. ಶೇಷಾದ್ರಿ ಮೆತ್ತಗಿನವನು. ಯಾರ ಸಹವಾಸದಿಂದ ಬಂತೆಂದು ನೀವೇ ಊಹಿಸಿ.

ಆದರೂ ಒಂದು ವಿಚಾರ. ಇದರಿಂದ ಓದಿಗೆ ಅಡ್ಡಿಯಿಲ್ಲ ತಾನೆ? ತಂದೆಯಿಲ್ಲದ ಮಗು ಎಂದು ಅವಳ ಅಮ್ಮ ಮಾನಸಳಿಂದ ಹಿಡಿದು ಎಲ್ಲರೂ ಸಲುಗೆ ಕೊಟ್ಟಿದ್ದೇವೆ.

ಚಟ್ನಿಪುಡಿಯಲ್ಲಿ ಉಪ್ಪು ಒಂದು ಚಿಟಿಕೆ ಹೆಚ್ಚು.

ಪದ್ಮ


ಟ್ರಾಯ್
ಮಾರ್ಚ್ 3, 2025

ಪದ್ಮಕ್ಕನವರಿಗೆ,

ತಂದೆಯಿಲ್ಲದ ಮಗುವಿನ ಬಗ್ಗೆ ಬರೆದಿದ್ದಿರಿ. ಸರಿ. ಉಪ್ಪಿನ ಬಗ್ಗೆ ಬರೆದಿದ್ದು ಮಾತ್ರ ಒಪ್ಪಲಾರೆ, ಅಳತೆ ನನ್ನದು.

ಅಫ್ರಿಕಾ ಹೋಯಿತು. ಅವಳೇ ಬೇಡವೆಂದಳು: ಕಪ್ಪು ಮೈಬಣ್ಣದ ಹುಡುಗಿ ಆ ಹೆಸರಿಟ್ಟುಕೊಂಡರೆ ಮತ್ತೆ ವಾರಕ್ಕೊಂದು ವಿವರಣೆ ಕೊಡಬೇಕಾಗುತ್ತದಲ್ಲ. ಆಮೇಲೆ ನಾನು ಕೈ ಹಾಕಿದೆ. ಹೆಸರಿಡುವುದೆಂದರೆ ನಮಗೆ ಗೊತ್ತಿಲ್ಲದ್ದೇ? ಪಂಚಾಂಗ ತೆಗೆದೆ. ಅವಳದು ಮಖಾ ನಕ್ಷತ್ರ, ಮ-ಮಿ-ಮು-ಮೆ. ಒಳ್ಳೆಯ ಅರ್ಥವಿರುವ, ಮಕಾರದಿಂದ ಶುರುವಾಗುವ ಸ್ಕಾಟ್ಲೆಂಡಿನ ಹೆಸರುಗಳನ್ನೆಲ್ಲ ಬರೆದುಕೊಂಡು ಲಿಂಡಾಳ ಮನೆಗೇ ಹೋದೆ. ಅರ್ಧ ಗಂಟೆ ನಗಾಡಿದಳು ಪುಣ್ಯಾತ್ಗಿತ್ತಿ. "ಮಿಸ್ಟರ್ ದೇವ್, ಆ ಕಾಲದವರು ಅರ್ಥ ನೋಡಿ ಹೆಸರಿಡ್ತಾ ಇರಲಿಲ್ಲ. ಅಜ್ಜಂದು ಮೊಮ್ಮಗನಿಗೆ, ಅಜ್ಜೀದು ಮೊಮ್ಮಗಳಿಗೆ, ಅಷ್ಟೇ. ಒಂದು ಊರಲ್ಲಿ ಅರ್ಧ ಜನಕ್ಕೆ ಒಂದೇ ಹೆಸರು" ಎಂದಳು. ನಮ್ಮ ಮಂಡ್ಯ ಕಡೆಯೂ ಹಾಗೇ, ನಮ್ಮ ಬೀದಿಯಲ್ಲಿ ಬೋರೇಗೌಡ ಎಂದರೆ ನಾಲ್ಕು ಬಾಗಿಲು ತೆಗೆಯುತ್ತಿದ್ದವು ಎಂದೆ. ಅವಳಿಗೆ ಅದು ಹಿಡಿಸಿತು. ಕಾಫಿ ಕೊಟ್ಟಳು, ಸಕ್ಕರೆ ಇಲ್ಲದ್ದು.

ಕೊನೆಗೆ ನನ್ನ ಪಟ್ಟಿಯಲ್ಲೇ ಒಂದು ಪಾಸಾಯಿತು: ಮರಿಯೋಟಾ. ಆ ಕಾಲದ ಜಮೀನು ಪತ್ರಗಳಲ್ಲಿ ಬೇಕಾದಷ್ಟು ಮರಿಯೋಟಾಗಳಿದ್ದಾರಂತೆ. ನಿಹಾರಿಕಾಗೂ ಇಷ್ಟವಾಯಿತು. ಎಲ್ಲೂ ಎದ್ದು ಕಾಣದ ಹೆಸರು ಎಂಬುದೇ ಅವಳಿಗೆ ಖುಷಿ.

ಆದರೆ ಅರ್ಧ ಹೆಸರು ಮಾತ್ರ ಆಯಿತು. ಆ ದೇಶದ ಹೆಣ್ಣುಮಕ್ಕಳಿಗೆ ಹೆಸರಿನ ಜೊತೆ 'ಇಂಥವರ ಮಗಳು' ಎಂದಿರಬೇಕು. ಮದುವೆಯಾದರೂ ಬದಲಾಯಿಸುವ ಹಾಗಿಲ್ಲ, ಸಾಯುವ ತನಕ ಅಪ್ಪನ ಹೆಸರೇ. ಅಪ್ಪನ ಹೆಸರೂ ಅಲ್ಲಿಯದೇ ಆಗಿರಬೇಕು. ಒಬ್ಬನೇ ಅಪ್ಪ, ಇಬ್ಬರಿಗೆ ಜಾಗವಿಲ್ಲ. ಮೇ ಕೊನೆಯೊಳಗೆ ಕೊಡಬೇಕು. ಜೂನ್‌ನಲ್ಲಿ ಕಲಮಜೂ ಹತ್ತಿರದ ಮೈದಾನದಲ್ಲಿ ದೊಡ್ಡ ಕೂಟವಿದೆ, ಅಲ್ಲಿ ಹೊಸಬರ ಹೆಸರು ಕೂಗುತ್ತಾರೆ.

ಅಪ್ಪನ ಹೆಸರಿಗೆ ಏನು ಮಾಡುತ್ತಾಳೆಂದು ಅವಳನ್ನು ನಾನು ಕೇಳಿಲ್ಲ. ನನಗೇಕೆ.

ದೇವೇಂದ್ರ


ಪ್ಲೇನ್‌ಫೀಲ್ಡ್
ಮಾರ್ಚ್ 14, 2025

ದೇವೇಂದ್ರ ಅವರೇ,

ನಿಮ್ಮ ಕಾಗದ ಎರಡು ಸಲ ಓದಿದೆ. ಈ ಕ್ಲಬ್ಬಿನ ಬಗ್ಗೆ ನಾನು ಆಡಿದ ಮಾತುಗಳನ್ನು ವಾಪಸು ತೆಗೆದುಕೊಳ್ಳುತ್ತೇನೆ. ಮಗಳೆಂದರೆ ಅಪ್ಪನ ಹೆಸರು ಹೊತ್ತವಳು ಎಂದು ಬರೆದಿಟ್ಟುಕೊಂಡ ಜನ ಕನಸಿನವರಲ್ಲ.

ಒಂದು ಸಂಗತಿ ಹೇಳುತ್ತೇನೆ, ನಿಮಗೆ ಗೊತ್ತಿರಲಾರದು. ನಿಹಾರಿಕಾ ಹುಟ್ಟಿದಾಗ ಟ್ರಾಯ್‌ನಲ್ಲಿ ಆಸ್ಪತ್ರೆಯವರು ಸರ್‌ನೇಮ್ ಕೇಳಿದರು. ಮೈಸೂರಿನ ನಮಗೆ ಸರ್‌ನೇಮ್ ಎಲ್ಲಿಂದ ಬರಬೇಕು? ಇನಿಷಿಯಲ್ಲಿನಲ್ಲೇ ಬೆಳೆದವರು. ಶೇಷು ಸ್ವಲ್ಪ ಯೋಚಿಸಿ ತನ್ನ ಹೆಸರನ್ನೇ ಬರೆದುಬಿಟ್ಟ. ನಿಹಾರಿಕಾ ಶೇಷಾದ್ರಿ. ಇಲ್ಲಿಯವರಿಗೆ ಅದು ಯಾವುದೋ ಮನೆತನದ ಹೆಸರು. ನಮಗೆ ಅದು ಮನುಷ್ಯನ ಹೆಸರು. ನಾಮಕರಣದ ದಿನ ಕಿವಿಯಲ್ಲಿ ಹೆಸರು ಉಸುರಲು ಬಗ್ಗಿದಾಗ ಅವನ ಮೀಸೆ ತಾಗಿ ಮಗು ಸೀನಿತು. "ಅಕ್ಕ, ಒಪ್ಪಿಗೆ ಆಯ್ತು ನೋಡು" ಎಂದ. ಮೂರು ವರ್ಷ ಕಳೆದು, ಆಫೀಸಿನ ಪಾರ್ಕಿಂಗ್‌ನಲ್ಲಿ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ.

ಅಪ್ಪ ಅಮ್ಮ ಹೋದರು. ಮಾನಸ ಅವನ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ನಿಮ್ಮನ್ನು ಮದುವೆಯಾದ ಮೇಲೆ ಈಗಂತೂ ಹೇಗೆ ಕರೆದಾಳು. ಶೇಷೂ ಎಂದು ಬಾಯಿ ಬಿಟ್ಟು ಹೇಳುವವಳು ನಾನೊಬ್ಬಳೇ ಉಳಿದಿದ್ದೇನೆ. ನೂರಾರು ಜನರ ಮುಂದೆ ಅವನ ಹೆಸರನ್ನೋ ಅದಕ್ಕೆ ಹತ್ತಿರವಾದ್ದನ್ನೋ ಒಮ್ಮೆ ಕೂಗಿದರೆ ನನ್ನ ಜೀವ ತಣ್ಣಗಾಗುತ್ತದೆ.

ಶೇಷಾದ್ರಿ ಎಂದರೆ ಬೆಟ್ಟ. ಬೆಟ್ಟದ ಅರ್ಥವಿರುವ ಹೆಸರು ಅಲ್ಲಿ ಇದೆಯೇ, ಆ ಲಿಂಡಾರನ್ನು ಕೇಳುತ್ತೀರಾ? ನಿಮ್ಮನ್ನು ಕೇಳುವುದು ಸರಿಯೋ ತಪ್ಪೋ ತಿಳಿಯದು. ಆದರೆ ನಿಮ್ಮಷ್ಟು ಓಡಾಡಿ ಕೆಲಸ ಮುಗಿಸುವವರು ನಮ್ಮಲ್ಲಿ ಯಾರೂ ಇಲ್ಲ.

ಪದ್ಮ


ಟ್ರಾಯ್
ಮಾರ್ಚ್ 30, 2025

ಪದ್ಮಕ್ಕನವರಿಗೆ,

ಕೆಲಸ ಮುಗಿದಿದೆ. ಬೆಟ್ಟದ ಹೆಸರು ಸಿಗಲಿಲ್ಲ. ಲಿಂಡಾ ಮತ್ತೆ ಅರ್ಥದ ಗೊಡವೆ ಬೇಡ ಎಂದಳು. ಹೋಗಲಿ, ಶೇಷಾದ್ರಿಯವರದು ಸಕಾರಕ್ಕೆ ಹತ್ತಿರ ಎಂದುಕೊಂಡು ಸೈಮನ್ ಹಿಡಿದೆ. ಆ ಕಾಲದ ಸ್ಕಾಟ್ಲೆಂಡಿನಲ್ಲಿ ಸೈಮನ್‌ಗಳು ಧಾರಾಳ. ಮರಿಯೋಟಾ, ಸೈಮನ್ನನ ಮಗಳು. ಹೇಳಿ ನೋಡಿ, ಚೆನ್ನಾಗಿದೆ.

ಇನ್ನೂ ಒಂದು ಕೇಳಿ, ನಿಮಗೆ ಸಮಾಧಾನವಾಗುತ್ತದೆ. ನಾನು ಈ ಹೆಸರು ಹಿಡಿದುಕೊಂಡು ಕೂತಿರುವಾಗಲೇ ಮೊನ್ನೆ ಭಾನುವಾರ ಅವಳೇ ಫೋನ್ ಮಾಡಿದಳು. ಏನೇನೋ ಮಾತಾಡಿದಳು. ಷಿಕಾಗೋದ ಗಾಳಿ, ಹಾಸ್ಟೆಲ್ಲಿನ ಊಟ, ಎಲ್ಲ. ಆಮೇಲೆ, "ದೇವ್ ಅಂಕಲ್, ಅಪ್ಪನ ಹೆಸರಿನ ಜಾಗದಲ್ಲಿ ಏನ್ ಬರೀಲಿ? ಐ ಕ್ಯಾನ್ ಪುಟ್ ಎನಿವನ್, ಯು ನೋ" ಎಂದಳು. ನಾನು ಒಂದು ಕ್ಷಣವೂ ತಡಮಾಡಲಿಲ್ಲ. "ಅದ್ರಲ್ಲಿ ಕೇಳೋದೇನಿದೆ ಪುಟ್ಟಿ? ನಿಮ್ಮಪ್ಪಂದೇ. ಸೈಮನ್ ಅಂತ ಹುಡುಕಿಟ್ಟಿದೀನಿ" ಎಂದೆ. "ಓಕೆ" ಎಂದಷ್ಟೇ ಹೇಳಿ ಫೋನ್ ಇಟ್ಟಳು. ಅಪ್ಪನ ನೆನಪಾಗಿರಬೇಕು ಪಾಪ. ದೊಡ್ಡವರು ಇಂಥ ಕಡೆ ಗಟ್ಟಿಯಾಗಿ ನಿಂತು ಹೇಳಿಬಿಡಬೇಕು, ಮಕ್ಕಳನ್ನು ಇಕ್ಕಟ್ಟಿಗೆ ಸಿಕ್ಕಿಸಬಾರದು. ಯಾರ ಸ್ಥಾನ ಯಾರದು ಎಂಬುದು ನನಗೆ ಆ ಮನೆಗೆ ಬಂದ ದಿನದಿಂದಲೂ ಗೊತ್ತಿದೆ.

ಸಾರಿನ ಪುಡಿ ಈ ತಿಂಗಳು ಕಳಿಸುತ್ತಿಲ್ಲ. ಭಾನುವಾರ ಮೆಂತ್ಯ ಹುರಿಯುವಾಗ ಸೀದುಹೋಯಿತು. ಇಡೀ ಕೊಪ್ಪರಿಗೆ ಚೆಲ್ಲಬೇಕಾಯಿತು. ಒಲೆಯ ದೋಷ. ರಿಪೇರಿಯವನಿಗೆ ಹೇಳಿದ್ದೇನೆ.

ದೇವೇಂದ್ರ


ಟ್ರಾಯ್
ಏಪ್ರಿಲ್ 22, 2025

ಪದ್ಮಕ್ಕನವರಿಗೆ,

ನಿಮ್ಮಿಂದ ಉತ್ತರವಿಲ್ಲ. ಸೈಮನ್ ಹಿಡಿಸಲಿಲ್ಲವೇ? ಸ್ಟೀಫನ್ ಕೂಡ ಇದೆ, ಬೇಕಾದರೆ ಬದಲಾಯಿಸೋಣ.

ನಿಹಾರಿಕಾಳೂ ಈಚೆಗೆ ಫೋನು ಮಾಡುತ್ತಿಲ್ಲ. ಮೆಸೇಜು ಹಾಕಿದರೆ ಹೆಬ್ಬೆಟ್ಟು ತೋರಿಸುತ್ತಾಳೆ. ಮಾನಸಳನ್ನು ಕೇಳಿದರೆ, "ನೀವಿಬ್ರೂ ಏನಾದ್ರೂ ಮಾಡ್ಕೊಳಿ, ನನ್ನ ಮಧ್ಯೆ ಎಳೀಬೇಡಿ" ಎನ್ನುತ್ತಾಳೆ. ನಾನು ಏನು ಮಾಡಿದೆ ಎಂಬುದೇ ನನಗೆ ತಿಳಿಯದು. ನಿಮ್ಮ ಮನೆಗೆ ಬರುತ್ತಿದ್ದಾಳೆಯೇ? ಊಟ ಸರಿಯಾಗಿ ಮಾಡುತ್ತಾಳೆಯೇ? ಅಷ್ಟು ತಿಳಿಸಿದರೆ ಸಾಕು.

ಪುಡಿ ಕಳಿಸಿದ್ದೇನೆ. ಒಲೆ ಸರಿಯಾಗಿದೆಯಂತೆ. ರಿಪೇರಿಯವನು ಏನೂ ದೋಷವಿಲ್ಲ ಎಂದು ಹೇಳಿ ಬಂದ ಚಾರ್ಜು ತೆಗೆದುಕೊಂಡು ಹೋದ.

ದೇವೇಂದ್ರ


ಪ್ಲೇನ್‌ಫೀಲ್ಡ್
ಮೇ 6, 2025

ದೇವೇಂದ್ರ ಅವರೇ,

ಕಣ್ಣಿನ ಪೊರೆಯಿಂದ ಬರೆಯಲಾಗಲಿಲ್ಲ ಎಂದು ಹೇಳಬಹುದಿತ್ತು. ಆಪರೇಷನ್ ಇರುವುದು ಜೂನ್‌ನಲ್ಲಿ. ಕಣ್ಣು ಸಾಕಷ್ಟು ಚೆನ್ನಾಗಿಯೇ ಇದೆ. ಬರೆಯಬೇಕಾದ್ದು ನನಗೆ ಬೇಡವಾಗಿತ್ತು, ಅದಕ್ಕೆ ಬರೆಯಲಿಲ್ಲ.

ನಿಮ್ಮೊಡನೆ ಫೋನಿನಲ್ಲಿ ಮಾತಾಡಿದ ವಾರವೇ ಅವಳು ಬಂದಿದ್ದಳು. ಬಿಲ್ಲನ್ನು ಫ್ರಿಜ್ಜಿಗೆ ಒರಗಿಸಿ, ಅಡುಗೆಕಟ್ಟೆಯ ಮೇಲೆ ಹತ್ತಿ ಕೂತು ಚಿತ್ರಾನ್ನ ತಿನ್ನುತ್ತಿದ್ದವಳು ಒಮ್ಮೆಲೇ ತಟ್ಟೆ ಕೆಳಗಿಟ್ಟಳು.

"ಹಿ ಡಸಂಟ್ ವಾಂಟ್ ಇಟ್, ಅತ್ತೆ."

"ಯಾರು? ಏನು ಬೇಡ ಅಂದ್ರು?"

"ದೇವ್ ಅಂಕಲ್. ಅವ್ರ ಹೆಸ್ರು ಹಾಕ್ಲಾ ಅಂತ ಕೇಳ್ದೆ. ನಿಮ್ಮಪ್ಪಂದು ಹಾಕು ಅಂದ್ರು. ಯೋಚ್ನೆ ಕೂಡ ಮಾಡ್ಲಿಲ್ಲ."

"ಅವ್ರದು ಹಾಕ್ಲಾ ಅಂತ ಬಾಯಿ ಬಿಟ್ಟು ಕೇಳಿದ್ಯಾ?"

"ಅರ್ಥ ಆಗ್ಬೇಕಲ್ವಾ!"

ಆಗ ಅವಳು ಹೇಳಿದ್ದು ಇದು. ಅವಳಿಗೆ ಐದು ವರ್ಷವಿದ್ದಾಗ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಿರಂತೆ. ಒಳಗಿನಿಂದ "ಮಿಸ್ಟರ್ ಶೇಷಾದ್ರಿ" ಎಂದು ಕೂಗಿದರಂತೆ. ಮಗುವಿನ ಸರ್‌ನೇಮ್ ಅದು, ಕರೆದುಕೊಂಡು ಬಂದವರು ಅಪ್ಪನೇ ತಾನೆ ಎಂಬುದು ಅವರ ಲೆಕ್ಕ. ನೀವು ಎದ್ದು ನಿಂತಿರಂತೆ. ಶಾಲೆಯಲ್ಲೂ ಹಾಗೆಯೇ, ಈಜಿನ ಕ್ಲಾಸಿನಲ್ಲೂ ಹಾಗೆಯೇ, ಕಾಲೇಜಿಗೆ ಬಿಟ್ಟುಬರುವ ದಿನವೂ ಹಾಗೆಯೇ. ಒಮ್ಮೆಯೂ ತಿದ್ದಲಿಲ್ಲವಂತೆ. "ಯಾಕೆ ಅವರಿಗೆ ನಿಮ್ಮ ಹೆಸರು ಹೇಳಲ್ಲ?" ಎಂದು ಕೇಳಿದ್ದಕ್ಕೆ ನೀವು ಹೇಳಿದ್ದನ್ನು ಅವಳು ನನಗೆ ಅಚ್ಚಗನ್ನಡದಲ್ಲಿ ಹೇಳಿದಳು: "ಹೆಸ್ರು ಕರೆದಾಗ ಯಾರಾದ್ರೂ ಏಳಬೇಕಲ್ವಾ ಪುಟ್ಟಿ."

ಹದಿನಾಲ್ಕು ವರ್ಷ. ನೀವು ಇದನ್ನು ನನಗೆ ಒಂದು ಸಲವೂ ಬರೆದಿಲ್ಲ. ಒಂದು ಚಿಟಿಕೆ ಉಪ್ಪಿಗೆ ವಾದಿಸುವವರು!

ಇದನ್ನೆಲ್ಲ ಕೇಳಿಯೂ ಅವಳಿಗೆ ನಾನು ಏನೂ ಹೇಳಲಿಲ್ಲ. ಏಕೆಂದು ನಿಮಗೆ ಗೊತ್ತು, ಮಾರ್ಚಿನಲ್ಲಿ ನಾನೇ ಬರೆದಿದ್ದೆ. ಸೈಮನ್ ಎಂದು ಕೂಗುವುದನ್ನು ಕೇಳಲು ಕಾಯುತ್ತಿದ್ದೆ. ಸುಮ್ಮನಿದ್ದರೆ ಅದೇ ಆಗುತ್ತಿತ್ತು. ನಿನ್ನೆ ನಿಮ್ಮ ಹಳೇ ಕಾಗದ ಮತ್ತೆ ತೆಗೆದೆ. ಮೆಂತ್ಯ ಸೀದಿತು ಎಂದು ಬರೆದಿದ್ದೀರಿ. ಹನ್ನೊಂದು ವರ್ಷದಿಂದ ನಿಮ್ಮ ಪುಡಿ ತಿನ್ನುತ್ತಿದ್ದೇನೆ. ನಿಮ್ಮ ಮೆಂತ್ಯ ಯಾವತ್ತೂ ಸೀದಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ?

ಅವಳಿಗೆ ನೀವು ಬೇಡವೆಂದಿದ್ದೀರಿ ಎನಿಸಿದೆ. ನಿಮಗೆ ಅವಳು ಕೇಳಿಯೇ ಇಲ್ಲ ಎನಿಸಿದೆ. ಮೇ ಇನ್ನೂ ಮುಗಿದಿಲ್ಲ.

ಊಟ ಮಾಡುತ್ತಾಳೆ. ಚೆನ್ನಾಗಿಯೇ ಮಾಡುತ್ತಾಳೆ.

ಪದ್ಮ


ಟ್ರಾಯ್
ಮೇ 13, 2025

ಪದ್ಮಕ್ಕ,

ನಿಮ್ಮ ಕಾಗದವನ್ನು ಅಂಗಡಿಯಲ್ಲಿ ನಿಂತೇ ಓದಿದೆ. ಗಿರಾಕಿಯೊಬ್ಬರು ಹುಣಸೆಹಣ್ಣು ಹಿಡಿದುಕೊಂಡು ಕಾಯುತ್ತಿದ್ದರು. ದುಡ್ಡು ತೆಗೆದುಕೊಂಡೆನೋ ಇಲ್ಲವೋ ನೆನಪಿಲ್ಲ. ನನ್ನ ವ್ಯಾಪಾರದ ಚರಿತ್ರೆಯಲ್ಲಿ ಇದು ಮೊದಲು.

ಬಾಯಿ ಇದ್ದವನು ಬದುಕಿದ ಎನ್ನುತ್ತಾರೆ. ಬಾಯಿಯಿಂದಲೇ ನಾನು ಅಡುಗೆಭಟ್ಟನಿಂದ ಅಂಗಡಿ ಯಜಮಾನನಾದೆ. ಆದರೆ ಆ ಮಗುವಿಗೆ ಫೋನು ಮಾಡಿ 'ನನ್ನ ಹೆಸರು ಹಾಕಮ್ಮ' ಎಂದು ಹೇಳಲು ಮೂರು ದಿನ ಪ್ರಯತ್ನಿಸಿದೆ, ಆಗಲಿಲ್ಲ. ಅದು ಕೇಳಿ ಪಡೆಯುವ ವಸ್ತುವಲ್ಲ.

ಅದಕ್ಕೆ ಬೇರೆ ದಾರಿ ಹಿಡಿದೆ. ಜೂನ್ ಕೂಟಕ್ಕೆ ಅವರಿಗೆ ಅಡುಗೆಯವರು ಸಾಲದೆ ಪರದಾಡುತ್ತಿದ್ದಾರೆ. ಟೊಮೇಟೊ, ಆಲೂಗಡ್ಡೆ, ಮೆಣಸಿನಕಾಯಿ ಮೂರೂ ಇಲ್ಲದೆ ಇನ್ನೂರು ಜನಕ್ಕೆ ಅಡುಗೆಯಾಗಬೇಕು, ಆ ಕಾಲದಲ್ಲಿ ಅವು ಇರಲಿಲ್ಲವಲ್ಲ. ನಮ್ಮ ಅಜ್ಜಿ ತಿಥಿಯ ಅಡುಗೆಯನ್ನು ಈ ಮೂರೂ ಇಲ್ಲದೆಯೇ ಮಾಡುತ್ತಿದ್ದಳು, ಕಾಳುಮೆಣಸು ಶುಂಠಿ ಇದ್ದರೆ ಸಾಕು ಎಂದು ಲಿಂಡಾಗೆ ಹೇಳಿದೆ. ಒಪ್ಪಿದಳು. ಆದರೆ ಮೈದಾನದೊಳಗೆ ಕಾಲಿಡುವ ಅಡುಗೆಯವನಿಗೂ ಆ ಕಾಲದ ಹೆಸರು ಇರಬೇಕಂತೆ!

ಗಿಲ್‌ಕ್ರಿಸ್ಟ್ ಎಂದರೆ ಕ್ರಿಸ್ತನ ಸೇವಕನಂತೆ, ನಮ್ಮ ಮನೆದೇವರನ್ನು ಕೇಳಬೇಕಾಗುತ್ತದೆ, ಬೇಡವೆಂದೆ. ಫಿನ್ಲೆ ಎಂದರೆ ಬಿಳಿಯ ವೀರ. ನನ್ನ ಮೈಬಣ್ಣ ನೀವು ನೋಡಿದ್ದೀರಿ. ಡಂಕನ್ ಎಂದರೆ ಕಂದು ಬಣ್ಣದ ಯೋಧನಂತೆ. ಅರ್ಥ ನೋಡಬೇಡಿ ಎಂದು ಲಿಂಡಾ ಬೈದರೂ ಅದನ್ನೇ ಬರೆದುಕೊಟ್ಟೆ.

ನಿಹಾರಿಕಾಗೆ ಮೆಸೇಜಿನಲ್ಲಿ ತಿಳಿಸಿದ್ದು ಇಷ್ಟೇ: 'ಜೂನ್ ಕೂಟಕ್ಕೆ ನಾನೇ ಅಡುಗೆ. ಅಡುಗೆಯವನ ಹೆಸರು ಡಂಕನ್.' ಬೇಕಾದರೆ ಎತ್ತಿಕೊಳ್ಳಲಿ. ಬೇಡವಾದರೆ ಅಡುಗೆಯವನಿಗೂ ಒಂದು ಹೆಸರು ಬೇಕೇ ಇತ್ತಲ್ಲ.

ಈ ಸಲ ಹೆಬ್ಬೆಟ್ಟು ಬರಲಿಲ್ಲ. ಏನೂ ಬರಲಿಲ್ಲ.

ದೇವೇಂದ್ರ


ಪ್ಲೇನ್‌ಫೀಲ್ಡ್
ಮೇ 29, 2025

ದೇವೇಂದ್ರನಿಗೆ,

ಇನ್ನು ಮೇಲೆ ಏಕವಚನದಲ್ಲೇ ಬರೆಯುತ್ತೇನೆ. ಆಸ್ಪತ್ರೆಯ ಕಾಗದದಂತೆ ನಿನಗೆ ಬರೆದು ಬರೆದು ನನಗೂ ಸಾಕಾಗಿದೆ.

ಮೊನ್ನೆ ಸೋಮವಾರ ರಜೆಯಿತ್ತಲ್ಲ, ಬಂದಿದ್ದಳು. ಊಟದ ಮೇಜಿನ ಮುಂದೆ ಕೂತು ಅರ್ಜಿ ತುಂಬಿಸಿದಳು. ನಾನು ಒಳಗೆ ಹೋಗಿ ದೇವರ ದೀಪದ ಬತ್ತಿ ಹೊಸೆಯುತ್ತ ಕೂತೆ. ಅಷ್ಟೊಂದು ಬತ್ತಿ ಒಂದು ವರ್ಷಕ್ಕೆ ಸಾಕು. "ಅತ್ತೆ, ನೋಡಲ್ವಾ?" ಎಂದಳು. "ನೋಡಲ್ಲ. ನಿಂಗೆ ಏನು ಬರೀಬೇಕು ಅನ್ಸುತ್ತೋ ಅದನ್ನೇ ಬರಿ. ನಿಮ್ಮಪ್ಪ ಇದ್ದಿದ್ರೂ ಅದನ್ನೇ ಹೇಳ್ತಿದ್ದ" ಎಂದೆ. ಕವರಿಗೆ ಅಂಟು ಹಚ್ಚಿದ್ದು ನಾನೇ. ಒಳಗಿರುವುದು ಗೊತ್ತಿಲ್ಲ.

ಕೂಟಕ್ಕೆ ಬರಲಾರೆ, ಕಣ್ಣಿಗೆ ಪಟ್ಟಿ ಇರುತ್ತದೆ. ಏನಾಯಿತೆಂದು ನೀನೇ ಬರೆ. ನಿನ್ನ ಹೆಸರು ಬಂದರೆ ನನಗೆ ಸಂತೋಷ, ಸುಳ್ಳು ಹೇಳುತ್ತಿಲ್ಲ. ಆದರೆ ಶೇಷುವಿನ ಹೆಸರು ಇನ್ನು ಯಾರ ಬಾಯಲ್ಲಿ ಉಳಿಯುತ್ತದೆ ಎಂಬುದೊಂದು ಕೊರೆಯುತ್ತದೆ. ಮುದುಕಿಯ ಕೊರಗು, ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಪದ್ಮಕ್ಕ


ಟ್ರಾಯ್
ಜೂನ್ 24, 2025

ಪದ್ಮಕ್ಕ,

ಕಣ್ಣಿಗೆ ತೊಂದರೆಯಾಗದಂತೆ ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಒಂದೇ ಸಲ ಓದಬೇಡಿ, ನಡುವೆ ಎದ್ದು ಕಾಫಿ ಕುಡಿಯಿರಿ.

ಕಲಮಜೂ ಮೈದಾನದಲ್ಲಿ ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ಉಣ್ಣೆಯ ಅಂಗಿ ತೊಟ್ಟು, ಮೇಲೆ ನನ್ನ ಅಂಗಡಿಯ ಏಪ್ರನ್ ಕಟ್ಟಿಕೊಂಡು, ಡೇರೆಯೊಳಗೆ ಬಟಾಣಿಯ ಹುಳಿ ಕುದಿಸುತ್ತಿದ್ದೆ. ಕಾಳುಮೆಣಸಿನ ಘಾಟಿಗೆ ಇಬ್ಬರು ಸಾಮಂತರು ಕೆಮ್ಮುತ್ತ ಹೊರಗೆ ಓಡಿದರು. ಬೆಳಿಗ್ಗೆಯಿಂದ ನಿಹಾರಿಕಾ ಕಣ್ಣಿಗೆ ಬಿದ್ದಿರಲಿಲ್ಲ. ಮಾನಸ ಮಡಚುವ ಕುರ್ಚಿ ಹಾಕಿಕೊಂಡು ಮುಂದೆ ಕೂತಿದ್ದಳು.

ಮಧ್ಯಾಹ್ನ ಹೆಸರು ಕೂಗಲು ಶುರು ಮಾಡಿದರು. ಕೂಗಿದವರ ಅಪ್ಪನೋ ಅಮ್ಮನೋ ಅಲ್ಲಿದ್ದರೆ ಎದ್ದುಹೋಗಿ ಪಕ್ಕದಲ್ಲಿ ನಿಲ್ಲುವುದು ಅವರ ಪದ್ಧತಿ. ಮೈಕಿಲ್ಲ, ಗಂಟಲಿನಲ್ಲೇ ಕೂಗುತ್ತಾರೆ. ನನಗೆ ಮರಿಯೋಟಾ ಎನ್ನುವವರೆಗೆ ಚೆನ್ನಾಗಿ ಕೇಳಿಸಿತು. ಮುಂದಿನದಕ್ಕೆ ಕಿವಿ ಕೊಡಬಾರದೆಂದು ಸೌಟು ಜೋರಾಗಿ ಆಡಿಸಿದೆ. ಮತ್ತೆ ಕೂಗಿದರು. ನಾನು ಸೌಟು ಆಡಿಸುತ್ತಲೇ ಇದ್ದೆ. ಲಿಂಡಾ ಬಂದು ಮೊಣಕೈಯಿಂದ ತಿವಿದಳು. "ಡಂಕನ್! ಮಿಸ್ಟರ್ ದೇವ್, ಡಂಕನ್ ಅಂದ್ರೆ ನೀವು! ನಿಮ್ಮ ಮಗಳು ಅಲ್ಲಿ ನಿಂತಿದ್ದಾಳೆ!"

ಹದಿನಾಲ್ಕು ವರ್ಷ ಇನ್ನೊಬ್ಬರ ಹೆಸರಿಗೆ ತಟ್ಟನೆ ಎದ್ದವನು ನನ್ನದೇ ಹೆಸರಿಗೆ ಏಳಲಿಲ್ಲ ನೋಡಿ.

ಸೌಟು ಹಿಡಿದುಕೊಂಡೇ ಓಡಿದೆ. ಮರಿಯೋಟಾ, ಡಂಕನ್ನನ ಮಗಳು, ಆ ಬೂಟು ಹಾಕಿಕೊಂಡು ನಿಂತಿದ್ದಳು. ನನ್ನ ಮುಖ ನೋಡಲಿಲ್ಲ, ನಾನೂ ನೋಡಲಿಲ್ಲ. ಮುಂದೆ ನೋಡುತ್ತಲೇ ಹೇಳಿದಳು, "ಸೌಟು ಸೋರ್ತಾ ಇದೆ." "ಸೋರ್ಲಿ ಬಿಡು" ಎಂದೆ. ನಮ್ಮಿಬ್ಬರ ನಡುವೆ ಅಲ್ಲಿ ಆದ ಮಾತು ಅಷ್ಟೇ.

ನಿಮ್ಮ ಕೊರಗಿನ ವಿಷಯ. ಸಂಜೆ ವಾಪಸು ಬರುವಾಗ ಹೆದ್ದಾರಿಯ ಒಂದು ಎಗ್ಸಿಟ್‌ನಲ್ಲಿ ತಿನ್ನಲು ನಿಲ್ಲಿಸಿದೆವು. ನಿಹಾರಿಕಾ ಅವಳ ಕಾರ್ಡಿನಲ್ಲಿ ದುಡ್ಡು ಕೊಟ್ಟಳು. ಮೂವರೂ ಮೇಜಿನ ಸುತ್ತ ಕೂತೆವು. ಸ್ವಲ್ಪ ಹೊತ್ತಿಗೆ ಕೌಂಟರಿನವನು ಕೂಗಿದ: "ಶೇಷಾದ್ರಿ!" ಯೋಚಿಸುವ ಮೊದಲೇ ನಾನು ಎದ್ದು ನಿಂತಿದ್ದೆ. ನಿಹಾರಿಕಾ ನನ್ನ ತೋಳು ಹಿಡಿದಳು. ಬೇಡ, ಕೂತ್ಕೊಳಿ ಎನ್ನುತ್ತಾಳೆಂದುಕೊಂಡೆ. ಅವಳೂ ಎದ್ದಳು. "ಇಬ್ರೂ ಹೋಗೋಣ, ದೇವ್ ಅಂಕಲ್" ಎಂದಳು. ಒಂದು ಟ್ರೇಗೆ ಇಬ್ಬರು ಹೋದೆವು. ನೋಡುತ್ತ ಕೂತ ಮಾನಸ ಸೆರಗು ಇಲ್ಲದ್ದರಿಂದ ಪೇಪರ್ ನ್ಯಾಪ್ಕಿನ್ನಿನಲ್ಲಿ ಕಣ್ಣು ಒರೆಸಿಕೊಂಡಳು.

ಹೌದು, ಅಷ್ಟರಲ್ಲಿ ನಾನು ಮತ್ತೆ ಅಂಕಲ್ ಆಗಿದ್ದೆ. ಬಾಯಿಗೆ ರೂಢಿಯಾದದ್ದು. ಬದಲಾಯಿಸೆಂದು ನಾನು ಹೇಳುವುದಿಲ್ಲ.

ಮೊದಲ ಕಾಗದದಲ್ಲಿ ಖರ್ಚು ಬರೆದಿದ್ದೆ. ಈಗ ಜಮೆ ಬರೆದು ಮುಗಿಸುತ್ತೇನೆ.

ಲಿಂಡಾಗೆ, ಸಾರಿನ ಪುಡಿ ಒಂದು ಡಬ್ಬಿ.
ಮಾನಸಳಿಗೆ, ಬೂಟಿನ ನಿಜವಾದ ಬೆಲೆ. ಕಾರಿನಲ್ಲಿ ನಿಹಾರಿಕಾ ಬಾಯಿಬಿಟ್ಟಳು.
ನಿಹಾರಿಕಾಗೆ, ಯಾರಿಗೂ ವಿವರಿಸಬೇಕಿಲ್ಲದ ಒಂದು ಹೆಸರು.
ನಿಮಗೆ, ಒಬ್ಬ ತಮ್ಮ. ಹಳೆಯವನ ಬದಲಿಗಲ್ಲ, ಅವನ ಜೊತೆಗೆ.
ಶೇಷಾದ್ರಿಯವರಿಗೆ, ಹೆಸರು ಕರೆದಾಗ ಏಳುವವರು ಇಬ್ಬರು.
ನನಗೆ, ಮಗಳು.

ನಿಮ್ಮ ತಮ್ಮ,
ದೇವೇಂದ್ರ